ಹನ್ನೊಂದು ಸೇರಿನ ಸಮಾಚಾರ

ಚನ್ನಗಿರಿ ತಾಲ್ಲೂಕು ಕಚೇರಿಯ ಮುಂದೆ ಹುಣಸೆಮರದ ಕೆಳಗೆ ಹದಿನೇಳು ವರ್ಷದಿಂದ ಅರ್ಜಿ ಬರೆಯುತ್ತ ಕುಳಿತಿರುವ ಮರುಳಪ್ಪನಾದ ನಾನು ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮೂವತ್ತೆಂಟನೇ ಇಸವಿಯ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ನಡೆದ ಸಂಗತಿಯನ್ನು ಊರವರು ಬಾಯಿಗೆ ಬಂದಂತೆ ಹೇಳಿಕೊಂಡು ತಿರುಗುತ್ತಿದ್ದಾರೆ. ನಾನು ಇಲ್ಲದ ಕೂಸಿಗೆ ತೊಟ್ಟಿಲು ತರಿಸಿದೆನಂತೆ. ತಂದವರು ನಮ್ಮತ್ತೆ, ನಾನಲ್ಲ. ಇದನ್ನೆಲ್ಲ ಹೊಟ್ಟೆಕಿಚ್ಚಿಗೆ ಮಾಡಿದೆನಂತೆ. ಅದು ಮಾತ್ರ ನಿಜ. ಹದಿನೇಳು ವರ್ಷ ಬೇರೆಯವರ ಸುಳ್ಳನ್ನು ಅಂದವಾಗಿ ಬರೆದುಕೊಟ್ಟ ಕೈಯಿದು. ನನ್ನ ನಿಜವನ್ನಾದರೂ ನೆಟ್ಟಗೆ ಬರೆಯುತ್ತೇನೆ.

ಎಲ್ಲಕ್ಕೂ ಮೂಲ ಮಿಡ್ಲ್ ಸ್ಕೂಲಿನ ಕರಿಹಲಗೆ. ಆ ವರ್ಷ ಹೊಸದಾಗಿ ಬಂದ ಹೆಡ್‌ಮೇಷ್ಟ್ರು ನಾಗೇಂದ್ರಪ್ಪನವರು ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿಕೊಂಡು ಬಂದಿದ್ದರು. ಅಲ್ಲಿ ಏನು ಕಲಿಸಿದರೋ, ಬಂದ ವಾರವೇ ಸ್ಕೂಲಿನ ಜಗಲಿಯ ಮೇಲೆ ಬೀದಿಗೆ ಕಾಣುವ ಹಾಗೆ ಒಂದು ಹಲಗೆ ನಿಲ್ಲಿಸಿ, ಅದರ ನೆತ್ತಿಯಲ್ಲಿ 'ಶಾಲಾ ಸಮಾಚಾರ' ಎಂದು ಬರೆದರು. ಪ್ರತಿ ಶುಕ್ರವಾರ ಹೊಸ ಸಮಾಚಾರ. ಯಾವ ಹುಡುಗನಿಗೆ ಜ್ವರ ಬಿಟ್ಟಿತು, ಯಾರ ಕಜ್ಜಿ ವಾಸಿಯಾಯಿತು, ಯಾರು ಉಗುರು ಕತ್ತರಿಸಿಕೊಂಡು ಬಂದರು, ಎಲ್ಲವೂ ಗುಂಡನೆಯ ಅಕ್ಷರದಲ್ಲಿ. ಊರಿಗೆ ಬರುತ್ತಿದ್ದ ಪತ್ರಿಕೆ ಎರಡೋ ಮೂರೋ. ಜನ ಅವನ್ನು ಬಿಟ್ಟು ಕಜ್ಜಿಯ ಸುದ್ದಿ ಓದಲು ಸ್ಕೂಲಿನ ಮುಂದೆ ನಿಲ್ಲತೊಡಗಿದರು.

ಇಷ್ಟಕ್ಕೇ ನಿಂತಿದ್ದರೆ ನಾನು ಮಾತಾಡುತ್ತಿರಲಿಲ್ಲ. ಮೇಷ್ಟ್ರು ಹುಡುಗರ ತೂಕಕ್ಕೆ ಕೈ ಹಾಕಿದರು. ತಿಂಗಳಿಗೊಮ್ಮೆ ಎಲ್ಲರನ್ನೂ ತೂಗಿ ಹಲಗೆಯ ಮೇಲೆ ಬರೆಯುವುದು, ಹೆಚ್ಚು ತೂಗುವವನ ಹೆಸರು ಮೇಲೆ, ಕಡಿಮೆಯವನದು ಕೆಳಗೆ. ಸ್ಕೂಲಿನಲ್ಲಿ ತಕ್ಕಡಿ ಎಲ್ಲಿಂದ ಬರಬೇಕು? ಅಡಿಕೆ ಮಂಡಿಯಿಂದ ತರಿಸಿದರು. ಮಂಡಿ ಯಾರದ್ದು? ನಮ್ಮ ಪಕ್ಕದ ಮನೆಯ ಪಂಚಾಕ್ಷರಪ್ಪನದ್ದು. ಮೊದಲ ತಿಂಗಳು ಹಲಗೆಯ ಮೇಲ್ತುದಿಯಲ್ಲಿ ಬಂದ ಹೆಸರು ಯಾರದ್ದು? ಪಂಚಾಕ್ಷರಪ್ಪನ ಮಗ ಓಂಕಾರಿಯದ್ದು. ತಕ್ಕಡಿ ಅವರದ್ದು, ತೂಕದ ಕಲ್ಲು ಅವರದ್ದು, ಗುಂಡುಗುಂಡಗಿನ ಮಗನೂ ಅವರದ್ದೇ. 'ಈ ಮಾಸದ ಆರೋಗ್ಯವಂತ ವಿದ್ಯಾರ್ಥಿ, ಚಿ. ಓಂಕಾರ, ಮೂರು ಮಣ ನಾಲ್ಕು ಸೇರು' ಎಂದಿತ್ತು. ಮಂಡಿಯದ್ದು ಕಚ್ಚಾ ಸೇರು, ಪೌಂಡಿಗಿಂತ ಚಿಕ್ಕದು, ಅಂಥ ನಲವತ್ತಕ್ಕೆ ಒಂದು ಮಣ.

ನಮ್ಮ ಹಾಲೇಶನ ಹೆಸರು ಹುಡುಕಿದೆ. ಹುಡುಕುತ್ತ ಹುಡುಕುತ್ತ ಹಲಗೆಯ ಕಾಲಿನ ಹತ್ತಿರ ಬಗ್ಗಬೇಕಾಯಿತು. 'ಚಿ. ಹಾಲೇಶ, ಎರಡು ಮಣ ಹದಿನೆಂಟು ಸೇರು. ಇವನ ಪೋಷಣೆಯ ಕಡೆಗೆ ತಂದೆಯವರು ಗಮನ ಕೊಡತಕ್ಕದ್ದು.'

ತಂದೆಯವರು! ನಾನು ಬಗ್ಗಿ ಓದುತ್ತಿದ್ದಾಗಲೇ ಹಿಂದಿನಿಂದ ಪಂಚಾಕ್ಷರಪ್ಪ ಬಂದು ನಿಂತ. "ಬೆಳೆಯೋ ಹುಡುಗ, ಸರಿಹೋಗ್ತಾನೆ ಬಿಡ್ರಿ ಮರುಳಪ್ಪ" ಎಂದ. ಸಮಾಧಾನದ ಮಾತೇ. ಆದರೆ ಹೆಗಲ ಮೇಲಿನ ಜರಿಯಂಚಿನ ವಸ್ತ್ರ ಸರಿಮಾಡಿಕೊಳ್ಳುತ್ತ ಹೇಳಿದ. ನನ್ನ ಹೊಟ್ಟೆ ಧಗಧಗ ಉರಿಯಿತು. ಸುಳ್ಳೇಕೆ ಹೇಳಲಿ?

ಮನೆಗೆ ಬಂದು ಹೆಂಡತಿ ಚೌಡಮ್ಮನನ್ನು ತರಾಟೆಗೆ ತೆಗೆದುಕೊಂಡೆ. "ಹುಡುಗನಿಗೆ ಏನು ಹಾಕ್ತಿದೀಯಾ? ಗಾಳಿನಾ?"

"ನಿಮಗೆ ಹಾಕಿದ್ದನ್ನೇ ಹಾಕ್ತಿದೀನಿ. ಆ ತಕ್ಕಡ್ಯಾಗೆ ನೀವೂ ಒಂದು ಸಲ ಕುಂತು ನೋಡ್ರಿ, ಆಮೇಲೆ ಮಾತಾಡ್ರಿ" ಎಂದಳು.

ಆಗ ನನಗೆ ಹೊಳೆದದ್ದು ಅಂಟಿನುಂಡೆ. ನಮ್ಮ ಕಡೆ ಬಾಣಂತಿಗೆ ಕಟ್ಟುವ ಉಂಡೆ ಅದು. ತುಪ್ಪದಲ್ಲಿ ಹುರಿದ ಅಂಟು, ಕೊಬ್ಬರಿ, ಉತ್ತುತ್ತಿ, ಗಸಗಸೆ, ಬೆಲ್ಲ. ಹಾಲೇಶ ಹುಟ್ಟಿದಾಗ ಕಡ್ಡಿಯಾಗಿದ್ದ ಚೌಡಮ್ಮ ಅದನ್ನು ತಿಂದು ಬಾಗಿಲು ತುಂಬ ಆಗಿದ್ದಳು. ಹೆತ್ತ ಹೆಂಗಸನ್ನೇ ಎತ್ತಿ ನಿಲ್ಲಿಸುವ ಉಂಡೆ, ಬೆಳೆಯುವ ಹುಡುಗನನ್ನು ಏನು ಮಾಡಲಿಕ್ಕಿಲ್ಲ? ದಿನಕ್ಕೆ ಎರಡು. ಮುಂದಿನ ತೂಕದ ಹೊತ್ತಿಗೆ ನನ್ನ ಮಗನನ್ನು ಎತ್ತಲು ಇಬ್ಬರು ಹಮಾಲರು ಬೇಕು. ಆದರೆ ಈ ವಿಷಯ ಪಕ್ಕದ ಮನೆಗೆ ಗೊತ್ತಾಗಬಾರದು. ಗೊತ್ತಾದರೆ ಅವನು ಓಂಕಾರಿಗೆ ನಾಲ್ಕು ತಿನ್ನಿಸುತ್ತಾನೆ.

ದಿನಸಿ ಅಂಗಡಿಯ ತಿಪ್ಪೇಶಪ್ಪನ ಹತ್ತಿರ ಹೋಗಿ, ಗಿರಾಕಿಗಳೆಲ್ಲ ಹೋಗುವವರೆಗೆ ಕಾದು, ಕಿವಿಯಲ್ಲಿ ಸಾಮಾನು ಹೇಳಿದೆ. ಅಂಟು ಎಂದ ಕೂಡಲೇ ಅವನ ಹುಬ್ಬು ಮೇಲೇರಿತು.

"ಇದೆಲ್ಲ ಯಾಕ್ರಿ ಮರುಳಪ್ನೋರೇ?"

"ಮೆಲ್ಲಗೆ ಮಾತಾಡ್ರಿ. ನಮ್ಮ ಹುಡುಗ ತೂಕ ಕಮ್ಮಿ ಐತೆ. ಊರಿಗೆ ಗೊತ್ತಾಗಬಾರದು. ಅದ್ರಾಗೂ ಆ ಪಂಚಾಕ್ಷರಪ್ಪಗೆ ಗೊತ್ತಾಗಲೇಬಾರದು."

ತಿಪ್ಪೇಶಪ್ಪ ಅಂಟನ್ನು ನೋಡಿದ, ನನ್ನನ್ನು ನೋಡಿದ. "ಹೆದರಬ್ಯಾಡ್ರಿ, ಸಣ್ಣಗಿದ್ದದ್ದೇ ಗಟ್ಟಿಯಾಗ್ತದೆ. ತಾಯಿ ಹೆಂಗದಾಳೆ?"

"ಅವಳಿಗೇನಾಗೇತಿ? ಅಡುಗೆಮನ್ಯಾಗೆ ರೊಟ್ಟಿ ತಟ್ತಾ ಇದಾಳೆ."

"ಅಯ್ಯೋ ಶಿವನೇ! ಇಷ್ಟು ಬೇಗ ರೊಟ್ಟಿ ತಟ್ಟಾಕೆ ಹಚ್ಚೀರಾ? ನಿಮಗೇನು ಬುದ್ಧಿಗಿದ್ಧಿ ಐತೇನ್ರಿ?"

ಹೊತ್ತು ಹತ್ತು ಗಂಟೆಯಾಗಿತ್ತು. ಇದು ಬೇಗ ಹೇಗಾಯಿತೋ ನನಗೆ ತಿಳಿಯಲಿಲ್ಲ. ತಿಪ್ಪೇಶಪ್ಪನ ಮಾತು ಮೊದಲಿನಿಂದಲೂ ಹಾಗೆ ಎಂದುಕೊಂಡು ಸುಮ್ಮನಾದೆ. ಅವನು ತಾನಾಗಿಯೇ ಒಂದು ಪೊಟ್ಟಣದಲ್ಲಿ ಓಂಕಾಳನ್ನೂ ಒಂದು ತುಂಡು ಬಜೆಬೇರನ್ನೂ ಕಟ್ಟಿ, "ಇದು ನನ್ನ ಕಡೆಯಿಂದ, ಇರಲಿ" ಎಂದ. ಬಜೆ ಕೂಸಿನ ನಾಲಗೆಗೆ ತೇಯ್ದು ನೆಕ್ಕಿಸುವುದೆಂದು ಊರಿನ ನಾಯಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಪುಕ್ಕಟೆ ಸಿಕ್ಕಿದ್ದನ್ನು ಯಾಕೆಂದು ಕೇಳುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ.

ಮರುದಿನದಿಂದ ನಮ್ಮ ಮನೆಯ ಮುಂಬಾಗಿಲು ಹಾಕಿಸಿದೆ, ಕಿಟಕಿ ಮುಚ್ಚಿಸಿದೆ. ಚೌಡಮ್ಮನಿಗೆ ಬಾವಿಗೂ ಹೋಗಬೇಡ ಎಂದು ಅಪ್ಪಣೆ ಮಾಡಿದೆ. ಹೆಂಗಸರ ಬಾಯಿಂದ ಗುಟ್ಟು ಸೋರುವುದು ಬಾವಿಕಟ್ಟೆಯಲ್ಲೇ. ನೀರು ನಾನೇ ಹೊತ್ತೆ. ಈಗ ಓದುಗರೇ ಯೋಚಿಸಿ. ಮುಚ್ಚಿದ ಮನೆ, ಒಳಗಿಂದ ತುಪ್ಪದಲ್ಲಿ ಅಂಟು ಹುರಿಯುವ ಘಮಘಮ ವಾಸನೆ, ಹೊರಗೆ ಕೊಡ ಹೊತ್ತ ಗಂಡಸು, ಬಸುರಿದ್ದರೂ ತಿಳಿಯದಂಥ ದಪ್ಪ ಮೈಯ ಹೆಂಡತಿ, ಮೇಲೆ ತಿಪ್ಪೇಶಪ್ಪನ ಬಾಯಿ. ಊರಿಗೆ ಇನ್ನೇನು ಬೇಕು?

ಹಾಲಿನ ಕೆಂಪಕ್ಕ ಕೇಳದೆಯೇ ಅರ್ಧ ಪಾವು ಹೆಚ್ಚು ಹಾಲು ಹಾಕಿ ಹೋದಳು. ತಾಲ್ಲೂಕು ಕಚೇರಿಯ ಜವಾನ ಕಣ್ಣು ಮಿಟುಕಿಸಿ, "ಸಿಹಿ ಯಾವಾಗ್ರಿ ಮರುಳಪ್ನೋರೇ?" ಎಂದ. ಅಂಟಿನುಂಡೆಯ ಸುದ್ದಿ ಇವನಿಗೂ ಮುಟ್ಟಿತೇ ಎಂದು ಗಾಬರಿಯಾಗಿ, "ಇರಯ್ಯ, ಇನ್ನೂ ತೂಕ ಆಗಬೇಕು. ತೂಕ ಚೆನ್ನಾಗಿ ಬರಲಿ, ಊರಿಗೇ ಹಂಚ್ತೀನಿ" ಎಂದೆ. ಅವನು ಅದನ್ನು ಇಡೀ ಕಚೇರಿಗೆ ಹೇಳಿದ. ಸ್ಕೂಲಿನಲ್ಲಿ ಹೆಡ್‌ಮೇಷ್ಟ್ರು ಹಾಲೇಶನನ್ನು ಕರೆದು, "ಮನೇಲಿ ತಾಯಿಯವರು ಏನು ಮಾಡ್ತಿದ್ದಾರಪ್ಪ?" ಎಂದು ಕೇಳಿದರಂತೆ. ಅವನು, "ಅಂಟಿನುಂಡೆ ಕಟ್ತಿದಾರೆ ಸಾರ್" ಎಂದನಂತೆ. ಮೇಷ್ಟ್ರಿಗೆ ಅಷ್ಟು ಸಾಕಾಯಿತು.

ಶುಕ್ರವಾರ ಹಲಗೆಯ ಮುಂದೆ ಜನವೋ ಜನ. ನಾನು ದೂರದಿಂದಲೇ ನೋಡಿದೆ. ಮೇಲ್ತುದಿಯಲ್ಲಿ, ಎಲ್ಲರಿಗಿಂತ ಮೇಲೆ, ನನ್ನ ಮಗನ ಹೆಸರು! ಕಣ್ಣಲ್ಲಿ ನೀರು ಬಂತು. ಹತ್ತಿರ ಹೋಗಿ ಓದಿದೆ. 'ಶುಭ ಸಮಾಚಾರ. ಚಿ. ಹಾಲೇಶನಿಗೆ ತಮ್ಮನು ಜನಿಸಿರುತ್ತಾನೆ. ಶಿಶುವು ತೂಕದಲ್ಲಿ ಕೊಂಚ ಕಡಿಮೆಯಾಗಿರುವುದಾಗಿ ತಿಳಿದುಬಂದಿದ್ದು, ತಾಯಿ ಶಿಶು ಇಬ್ಬರಿಗೂ ಶಾಲೆಯು ಆರೋಗ್ಯವನ್ನು ಹಾರೈಸುತ್ತದೆ.'

ಕಣ್ಣಿನ ನೀರು ಅಲ್ಲೇ ಇಂಗಿತು. ತಿಪ್ಪೇಶಪ್ಪನ ಹುಬ್ಬು, ಬಜೆಬೇರು, ಕೆಂಪಕ್ಕನ ಹಾಲು, ಜವಾನನ ಕಣ್ಣು, ಎಲ್ಲವೂ ಒಂದೊಂದಾಗಿ ಅರ್ಥವಾದವು. 'ಇಲ್ಲ, ಇದು ಸುಳ್ಳು' ಎಂದು ಕೂಗಲು ಬಾಯಿ ತೆರೆದೆ. ತೆರೆದ ಬಾಯಿಗೆ ಎದುರಾಗಿ ಪಂಚಾಕ್ಷರಪ್ಪ ನಿಂತಿದ್ದ. ಅವನ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

"ಮರುಳಪ್ಪ, ಇದು ಖರೇನಾ? ಚೌಡಮ್ಮೋರಿಗೆ ವಯಸ್ಸೆಷ್ಟು?"

"ಮೂವತ್ತಾರು" ಎಂದೆ. ಅದು ಸುಳ್ಳಲ್ಲವಲ್ಲ.

"ಮೂವತ್ತಾರಕ್ಕೂ ಏನೂ ತೊಂದ್ರೆ ಆಗ್ಲಿಲ್ಲೇನ್ರಿ? ಹೆರಿಗೆ ಸಲೀಸಾತಾ?"

ಅವನ ಹಣೆ ಬೆವೆತಿತ್ತು, ವಸ್ತ್ರ ಹೆಗಲಿಂದ ಜಾರಿದ್ದರೂ ಗಮನವಿರಲಿಲ್ಲ. ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನೋಡಿದ ಕೂಡಲೇ ಗುರುತು ಹಿಡಿದೆ. ಹನ್ನೆರಡು ವರ್ಷ ಪಕ್ಕದಲ್ಲಿದ್ದು ಅವನ ಮಂಡಿ, ಅವನ ಎತ್ತು, ಅವನ ಹೆಂಚಿನ ಮನೆ ನೋಡಿ ನೋಡಿ ನಾನು ಉರಿದಿದ್ದೆ. ಈ ಹೊತ್ತು ಅವನು ನನ್ನನ್ನು ನೋಡಿ ಉರಿಯುತ್ತಿದ್ದ! ಇಂಥ ಘಳಿಗೆಯನ್ನು ಕೈಯಾರೆ ಯಾರು ಬಿಡುತ್ತಾರೆ?

"ಹೂವೆತ್ತಿದಂಗಾತು ನೋಡ್ರಿ. ಏನೋ, ದೇವರು ಕೊಟ್ಟ" ಎಂದುಬಿಟ್ಟೆ.

ಅವನು ನನ್ನ ಎರಡೂ ಕೈ ಅದುಮಿ, ಸರಸರನೆ ಮನೆಯ ಕಡೆ ಹೋದ. ನಾನು ಮೀಸೆ ತಿರುವುತ್ತ ಮನೆಗೆ ಬಂದೆ. ಚೌಡಮ್ಮನಿಗೆ ವಿಷಯ ಹೇಳಿದ ಮೇಲೆ ಆಕೆ ಆಡಿದ ಮಾತುಗಳನ್ನು ಬರೆಯಲು ನನ್ನ ಲೇಖನಿಗೆ ಧೈರ್ಯವಿಲ್ಲ. ಕೊನೆಯ ಮಾತು ಮಾತ್ರ ಬರೆಯಬಹುದು. "ಹುಟ್ಟಿಸಿದೋರು ನೀವು, ಕೇಳಿದೋರಿಗೆ ಕೂಸು ತೋರಿಸೋರೂ ನೀವೇ. ನಾನು ಒಳಗಿಂದ ಬರಾಕಿಲ್ಲ."

ಸುದ್ದಿ ಬಸ್ಸಿಗಿಂತ ಬೇಗ ಹೊನ್ನಾಳಿ ದಾಟಿ ಗೋವಿನಕೋವಿ ಸೇರಿತು. ಅಲ್ಲಿ ನಮ್ಮತ್ತೆ ಅಜ್ಜಮ್ಮನವರಿದ್ದಾರೆ. ಗೋವಿನಕೋವಿಯ ಅರ್ಧ ಊರು ಅವರ ಕೈಮೇಲೆಯೇ ಹುಟ್ಟಿದ್ದು. ಸೂಲಗಿತ್ತಿಯಾಗಿ ಅವರು ಕಂಡ ಕೂಸುಗಳಿಗೆ ಲೆಕ್ಕವಿಲ್ಲ. ಅಂಥವರ ಸ್ವಂತ ಮಗಳು ಅವರಿಗೆ ಹೇಳದೆ ಹೆತ್ತಿದ್ದಾಳೆ! ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಕಮಾನು ಗಾಡಿ ನಿಂತಿತು. ಮೊದಲು ಇಳಿದದ್ದು ತೊಟ್ಟಿಲು, ಆಮೇಲೆ ಅವರು.

"ಅಳಿಯಂದ್ರೇ, ನಾನು ಸತ್ತೀನಿ ಅಂದ್ಕಂಡ್ರೇನು? ಹೆತ್ತವ್ವಗೆ ಒಂದು ಮಾತು ಹೇಳಾಕೆ ನಿಮ್ಮ ಬಾಯಾಗೆ ಏನು ಕಡುಬು ತುಂಬಿತ್ತಾ? ಎಲ್ಲೈತೆ ಕೂಸು?"

ನಾನು ತೊಟ್ಟಿಲನ್ನು ಒಳಗೆ ಸಾಗಿಸುತ್ತಿರುವಾಗ, ಸಿಡುಬು ಬಾರದಂತೆ ದಾಕು ಚುಚ್ಚುವ ದಾಸಪ್ಪ ಬಂದ. ಅವನ ಕಂಕುಳಲ್ಲಿ ಜನನ ಮರಣದ ರಿಜಿಸ್ಟರು. "ಸ್ಕೂಲ್ ಹಲಗೆ ಮ್ಯಾಲೆ ಓದಿದೆ. ನಮಗೆ ಬರೆಸೇ ಇಲ್ಲಲ್ರಿ? ಹುಟ್ಟಿದ್ದನ್ನ ಬರೆಸದೇ ಇದ್ರೆ ಜುಲ್ಮಾನೆ ಐತೆ ಗೊತ್ತೇನು?"

"ದಾಸಪ್ಪ, ಹುಟ್ಟದೇ ಇದ್ದದ್ದನ್ನ ಬರೆಸಿದ್ರೆ?" ಎಂದು ಮೆಲ್ಲಗೆ ಕೇಳಿದೆ.

"ಅದಕ್ಕೂ ಐತೆ. ಅದಕ್ಕೆ ಜಾಸ್ತಿ."

ಇಷ್ಟರಲ್ಲಿ ಹೆಡ್‌ಮೇಷ್ಟ್ರೂ ಬಂದರು. ಬರಿಗೈಲಿ ಬಂದಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ನಾಲ್ಕು ಹುಡುಗರ ಕೈಲಿ ಮಂಡಿಯ ತಕ್ಕಡಿ ಹೊರಿಸಿಕೊಂಡು ಬಂದಿದ್ದರು. "ಮರುಳಪ್ಪನವರೇ, ಶಿಶುವಿನ ತೂಕವನ್ನು ವಾರವಾರವೂ ಹಲಗೆಯ ಮೇಲೆ ಪ್ರಕಟಿಸಬೇಕೆಂದು ಸಂಕಲ್ಪ ಮಾಡಿದ್ದೇನೆ. ಊರಿನ ತಾಯಂದಿರಿಗೆಲ್ಲ ಇದೊಂದು ಪಾಠವಾಗಲಿ. ದಯವಿಟ್ಟು ಶಿಶುವನ್ನು ಹೊರಗೆ ತನ್ನಿ" ಎಂದರು.

ಪಡಸಾಲೆಯ ತೊಲೆಗೆ ತಕ್ಕಡಿ ನೇತಾಡಿತು. ಒಂದು ಕಡೆ ತೊಟ್ಟಿಲು, ಒಂದು ಕಡೆ ರಿಜಿಸ್ಟರು, ಕಿಟಕಿಯಲ್ಲಿ ಇಡೀ ಬೀದಿಯ ತಲೆಗಳು. ಹದಿನೇಳು ವರ್ಷದಲ್ಲಿ ಎಂಥೆಂಥ ಕೇಸಿಗೆ ಅರ್ಜಿ ಬರೆದಿದ್ದೇನೆ, ನನ್ನ ಪರವಾಗಿ ಒಂದು ಸಾಲು ತೋಚಲಿಲ್ಲ. ಕೊನೆಗೆ, "ಕೂಸು ಮಲಗೈತೆ" ಎಂದೆ.

"ಮಲಗಿದ್ದನ್ನೇ ತೂಗಬೇಕು. ಅದೇ ಶಾಸ್ತ್ರೀಯ" ಎಂದರು ಮೇಷ್ಟ್ರು.

ಅಜ್ಜಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿ ಅಡುಗೆಮನೆಯ ಬಾಗಿಲು ತೆರೆದರು. ಒಳಗೆ ಚೌಡಮ್ಮ ಒನಕೆ ಹಿಡಿದು ಮೆಣಸಿನಕಾಯಿ ಕುಟ್ಟುತ್ತಿದ್ದಳು. ತಾಯಿ ಮಗಳನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿದರು. ಅವರಿಗೆ ಅಷ್ಟು ಸಾಕು. ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಅಳಿಯಂದ್ರೇ" ಎಂದರು. ಆ ಒಂದು ಮಾತಿಗೆ ನಾನು ತೊಟ್ಟಿಲಿನ ಹಿಂದಕ್ಕೆ ಸರಿದೆ.

ಅಷ್ಟರಲ್ಲಿ ಹಿತ್ತಲ ಕಡೆ ಧೊಪ್ಪೆಂದು ಸದ್ದಾಯಿತು. ಪಂಚಾಕ್ಷರಪ್ಪ ಗೋಡೆ ಹಾರಿ ಬಂದಿದ್ದ. ಜರಿಯಂಚಿನ ವಸ್ತ್ರವಿಲ್ಲ, ಕಾಲಿಗೆ ಜೋಡಿಲ್ಲ. ಯಾರನ್ನೂ ನೋಡದೆ ನೇರ ಅಜ್ಜಮ್ಮನವರ ಕಾಲ ಹತ್ತಿರ ಕುಸಿದ.

"ದೊಡ್ಡವ್ವ, ನೀವು ಬಂದಿದೀರಿ ಅಂತ ಗೊತ್ತಾತು. ನಮ್ಮ ಭೀಮಕ್ಕಗೆ ಬ್ಯಾನೆ ಶುರುವಾಗೇತಿ. ಲಗೂನ ಬರ್ರಿ ನಿಮ್ಮ ದಮ್ಮಯ್ಯ!"

ಭೀಮಕ್ಕ ಎಂದರೆ ಅವನ ಹೆಂಡತಿ. ಮೂರು ತಿಂಗಳಿಂದ ಮೊಣಕಾಲು ನೋವೆಂದು ಹೊರಗೇ ಬಂದಿರಲಿಲ್ಲ. ಹಲಗೆಯಲ್ಲಿ ಓಂಕಾರಿಯ ಹೆಸರು ಬಂದಾಗಿನಿಂದ ಆ ಮನೆಗೆ ಕಾಲಿಡಬೇಡ ಎಂದು ಚೌಡಮ್ಮನಿಗೆ ನಾನೇ ಕಟ್ಟಪ್ಪಣೆ ಮಾಡಿದ್ದೆ.

"ಯಾರಿಗೂ ಹೇಳಿರಲಿಲ್ಲವ್ವ" ಎಂದು ಪಂಚಾಕ್ಷರಪ್ಪ ಅಳುತ್ತಿದ್ದ. "ಓಂಕಾರಿ ಆದ ಮ್ಯಾಲೆ ಎರಡು ಕೂಸು ಕೈಗೆ ಬಂದು ಹೋದವು. ಈ ಸಲ ದಿನ ತುಂಬೋತನಕ ಬಾಯಿ ಬಿಡಬಾರದು ಅಂತ ಇದ್ವಿ. ಬಾಳ ಹೆದರಿದ್ಲು. ಶುಕ್ರವಾರ ಮರುಳಪ್ಪ ಹೇಳಿದ್ರು, ಚೌಡಮ್ಮೋರಿಗೆ ಮೂವತ್ತಾರಕ್ಕೂ ಹೂವೆತ್ತಿದಂಗೆ ಆತು ಅಂತ. ಹೋಗಿ ಅವಳಿಗೆ ಹೇಳಿದೆ. ಆವತ್ತೇ ಅವಳು ನೆಟ್ಟಗೆ ನಿದ್ದಿ ಮಾಡಿದ್ದು."

ಅಂದರೆ ಹಲಗೆಯ ಮುಂದೆ ನಾನು ಕಂಡದ್ದು ಹೊಟ್ಟೆಕಿಚ್ಚಲ್ಲ, ಹೆದರಿಕೆ. ಎರಡಕ್ಕೂ ಹಣೆ ಬೆವರುತ್ತದೆ ಎಂದು ನನಗೇನು ಗೊತ್ತು?

ಅಜ್ಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಅಳಿಯಂದ್ರೇ, ನಿಮ್ಮನ್ನ ಆಮೇಲೆ ವಿಚಾರಿಸ್ಕಂತೀನಿ. ಚೌಡಿ, ಬಿಸಿನೀರು ತಗಂಡು ಬಾ" ಎಂದು ಪಕ್ಕದ ಮನೆಗೆ ನಡೆದರು. ಚೌಡಮ್ಮ ಒನಕೆ ಬಿಸಾಡಿ ಓಡಿದಳು. ಎದುರಿಗೆ ಬಂದ ಪಂಚಾಕ್ಷರಪ್ಪ, "ಬ್ಯಾಡ ತಂಗೀ, ನೀವು ಹಸಿ ಬಾಣಂತಿ!" ಎಂದು ಅಡ್ಡ ನಿಂತ. "ನನ್ನ ಗಂಡನ್ನ ಕೇಳ್ರಿ, ಅವರೇ ಹೆತ್ತೋರು" ಎಂದು ಅವನನ್ನು ಸರಿಸಿ ಹೋದಳು.

ನಾವು ಗಂಡಸರು ಪಡಸಾಲೆಯಲ್ಲಿ ಖಾಲಿ ತಕ್ಕಡಿಯ ಸುತ್ತ ಕುಳಿತೆವು. ಕೂಸಿಲ್ಲವೆಂದು ಎಲ್ಲರಿಗೂ ತಿಳಿದಿತ್ತು, ದಾಸಪ್ಪ ತೆರೆದಿಟ್ಟಿದ್ದ ರಿಜಿಸ್ಟರು ಮುಚ್ಚಿದ. ಸಂಜೆ ದೀಪ ಹಚ್ಚುವ ಮೊದಲೇ ಪಕ್ಕದ ಮನೆಯಿಂದ ಕೂಸಿನ ಅಳು ಕೇಳಿಸಿತು. ಹೆಣ್ಣುಕೂಸು. ತಾಯಿಯೂ ಸುಖವಾಗಿದ್ದಳು. ದಾಸಪ್ಪ ರಿಜಿಸ್ಟರು ತೆಗೆದುಕೊಂಡು ಆ ಮನೆಗೆ ಹೋದ. ಹುಡುಗರು ತಕ್ಕಡಿ ತೆಗೆದುಕೊಂಡು ಹೋದರು. ಕೊನೆಗೆ ಗೋವಿನಕೋವಿಯಿಂದ ನನ್ನ ಮನೆಗೆ ಬಂದ ತೊಟ್ಟಿಲೂ ಗೋಡೆ ದಾಟಿ ಹೋಯಿತು. ನನ್ನ ಪಡಸಾಲೆಯಲ್ಲಿ ಉಳಿದದ್ದು ಬಜೆಬೇರು ಒಂದೇ. ಅದನ್ನೂ ಚೌಡಮ್ಮ ಬಂದು ತೆಗೆದುಕೊಂಡು ಹೋದಳು.

ಮರುದಿನ ಸ್ಕೂಲಿನಲ್ಲಿ ತಿಂಗಳ ತೂಕ. ಇದೊಂದಾದರೂ ನನ್ನ ಮಾನ ಉಳಿಸುತ್ತದೆ ಎಂದು ಹೋದೆ. ಓಂಕಾರಿ ಐದು ಸೇರು ಇಳಿದಿದ್ದ. ತಾಯಿ ಮಲಗಿದ್ದ ಮನೆಯಲ್ಲಿ ಹುಡುಗನಿಗೆ ಹೊತ್ತಿಗೆ ಸರಿಯಾಗಿ ಹಾಕುವವರಾರು? ಇದನ್ನು ಕೇಳಿ ನನಗೆ ಸಂತೋಷವಾಗಬೇಕಿತ್ತು. ಆಯಿತು, ಆದರೆ ಒಂದು ಘಳಿಗೆ ಮಾತ್ರ. ಆಮೇಲೆ ನಮ್ಮ ಹಾಲೇಶ ತಕ್ಕಡಿ ಹತ್ತಿದ. ಎರಡು ಮಣ ಹದಿನೆಂಟು ಸೇರು. ಹೋದ ತಿಂಗಳಿದ್ದಷ್ಟೇ, ಒಂದು ಗುಲಗಂಜಿ ಹೆಚ್ಚಿಲ್ಲ.

"ಅಷ್ಟೂ ಉಂಡೆ ಎಲ್ಲಿಗೆ ಹೋದ್ವೋ?" ಎಂದು ಅಲ್ಲೇ ಅವನ ಕಿವಿ ಹಿಡಿದೆ.

"ಭೀಮಕ್ಕನೋರಿಗೆ ಕೊಟ್ಟೆ."

"ಏನು?"

"ಹಿತ್ತಲ ಗೋಡೆ ಹತ್ರ ನಿಂತಿದ್ರು. ವಾಸನೆ ಬಂದ್ರೆ ಬಾಯಾಗೆ ನೀರು ಬರ್ತೈತಪ್ಪ, ಒಂದು ಕೊಡ್ತೀಯಾ ಅಂದ್ರು. ಕೊಟ್ಟೆ. ದಿನಾ ನಿಂತಿರ್ತಿದ್ರು. ಯಾರಿಗೂ ಹೇಳಬ್ಯಾಡ ಅಂದಿದ್ರು."

"ಅಪ್ಪನಿಗೂ ಹೇಳಬಾರದೇನೋ?"

ಹುಡುಗ ನನ್ನ ಮುಖ ನೋಡಿದ. "ಹೇಳಿದ್ರೆ ಕೊಡಾಕೆ ಬಿಡ್ತಿದ್ದೇನಪ್ಪ?"

ನಾನು ಕಿವಿ ಬಿಟ್ಟೆ. ಸುತ್ತ ನಿಂತಿದ್ದವರಲ್ಲಿ ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಅವನನ್ನು ಕರೆದುಕೊಂಡು ಮನೆಗೆ ನಡೆದೆ. ಬಾಗಿಲ ಹತ್ತಿರ ನಾನೇ, "ಉಳಿದ ಉಂಡೆ ಎಷ್ಟಾವೆ?" ಎಂದೆ. "ಹದಿನಾಲ್ಕು" ಎಂದ. "ಡಬ್ಬಿ ಸಮೇತ ಕೊಟ್ಟು ಬಾ. ಗೋಡೆ ಮೇಲಿಂದ ಬ್ಯಾಡ, ಮುಂಬಾಗಿಲಿಂದ ಹೋಗು" ಎಂದೆ. ನಾನು ಇಷ್ಟು ದೊಡ್ಡ ಮನಸ್ಸು ಮಾಡಿದ್ದನ್ನು ನೋಡಲು ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಶುಕ್ರವಾರ ಹಲಗೆಯ ಮೇಲ್ತುದಿಯಲ್ಲಿ ಹೀಗಿತ್ತು. 'ತಿದ್ದುಪಡಿ. ಹಿಂದಿನ ವಾರ ಪ್ರಕಟವಾದ ಶುಭ ಸಮಾಚಾರವು ಪಕ್ಕದ ಮನೆಗೆ ಸೇರಿದ್ದು. ಚಿ. ಓಂಕಾರನಿಗೆ ತಂಗಿಯು ಜನಿಸಿರುತ್ತಾಳೆ. ಶಿಶುವಿನ ತೂಕ ಹನ್ನೊಂದು ಸೇರು. ಊರಿನಲ್ಲಿ ಇಷ್ಟು ಪುಷ್ಟವಾದ ಶಿಶುವನ್ನು ಕಂಡಿಲ್ಲವೆಂದು ಹಿರಿಯ ಸೂಲಗಿತ್ತಿಯವರು ಅಭಿಪ್ರಾಯಪಟ್ಟಿದ್ದಾರೆ.'

ಅಭಿಪ್ರಾಯಪಟ್ಟ ಸೂಲಗಿತ್ತಿ ನನ್ನ ಅತ್ತೆ. ಜನ ಪಂಚಾಕ್ಷರಪ್ಪನನ್ನು ಸುತ್ತಿಕೊಂಡು, "ಎಂಥ ಕೂಸ್ರಿ! ಏನು ತಿನ್ನಿಸಿದ್ರಿ?" ಎಂದು ಕೇಳುತ್ತಿದ್ದರು. ಅವನು ಜರಿಯಂಚಿನ ವಸ್ತ್ರ ಸರಿಮಾಡಿಕೊಂಡು, "ಏನೋ, ದೇವರು ಕೊಟ್ಟ" ಎನ್ನುತ್ತಿದ್ದ. ನನ್ನದೇ ಮಾತು! ಹೊಟ್ಟೆ ಮತ್ತೆ ಧಗಧಗ ಉರಿಯಿತು.

ನೆಟ್ಟಗೆ ಹೆಡ್‌ಮೇಷ್ಟ್ರ ಹತ್ತಿರ ಹೋದೆ. "ಸ್ವಾಮಿ, ಆ ಹನ್ನೊಂದು ಸೇರಿನಲ್ಲಿ ಕಡಿಮೆಯೆಂದರೂ ಮೂರು ಸೇರು ನಮ್ಮ ಮನೆಯ ಅಂಟಿನುಂಡೆ. ಅದನ್ನೂ ಹಲಗೆ ಮೇಲೆ ಬರೆಯಬೇಕು" ಎಂದು ನಾನೇ ಚೆಂದವಾಗಿ ಬರೆದ ಅರ್ಜಿ ಕೊಟ್ಟೆ. ಅವರು ಎರಡು ಸಲ ಓದಿ, ಮಡಚಿ, ಹಿಂದಕ್ಕೆ ಕೊಟ್ಟು, "ಹಲಗೆಯಲ್ಲಿ ಜಾಗವಿಲ್ಲ ಮರುಳಪ್ಪನವರೇ" ಎಂದರು.

ಅವರು ಅಲ್ಲಿ ಬರೆಯಲಿಲ್ಲವಾದ್ದರಿಂದ ನಾನು ಇಲ್ಲಿ ಬರೆದಿದ್ದೇನೆ. ಆ ಹುಡುಗಿ ಈಗ ನಡೆಯುತ್ತಾಳೆ. ದಿನಾ ಬೆಳಿಗ್ಗೆ ಪಕ್ಕದ ಮನೆಯ ಮುಂಬಾಗಿಲಿನಿಂದ ಹೊರಟು ನಮ್ಮ ಮನೆಗೆ ಬಂದು, ಉಂಡೆ ಬೇಕೆಂದು ನನ್ನ ಪಂಚೆ ಹಿಡಿದು ಎಳೆಯುತ್ತಾಳೆ. ಕೊಡುತ್ತೇನೆ. ಎತ್ತಿಕೊಂಡರೆ ಸೊಂಟ ಹಿಡಿಯುವಷ್ಟು ಭಾರವಾಗಿದ್ದಾಳೆ. ನಮ್ಮ ಹಾಲೇಶ ಮಾತ್ರ ಇನ್ನೂ ಹಲಗೆಯ ಕಾಲಿನ ಹತ್ತಿರವೇ ಇದ್ದಾನೆ, ಅವನ ಹೆಸರು ಓದಬೇಕಾದರೆ ನಾನು ಬಗ್ಗಲೇಬೇಕು.